ಮರ್ಜ್ ಆದರೆ ಮಾತ್ರ ಅಂಕವೇ? ಓಪನ್ ಸೋರ್ಸ್ ಕಲಿಸಹೊರಟವರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುತ್ತೇನೆ. ಮುಂದಿನ ಸೆಮಿಸ್ಟರ್‌ನಿಂದ ‘ಓಪನ್ ಸೋರ್ಸ್ ತಂತ್ರಾಂಶ ಅಭಿವೃದ್ಧಿ’ (ಕೋಡನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶ) ಎಂಬ ಐಚ್ಛಿಕ ವಿಷಯ ನನ್ನ ಪಾಲಿಗೆ ಬಂದಿದೆ. 40 ವಿದ್ಯಾರ್ಥಿಗಳು, 14 ವಾರ. ಪ್ರತಿಯೊಬ್ಬರೂ ನಿಜವಾದ ಪ್ರಾಜೆಕ್ಟ್ ಒಂದಕ್ಕೆ ಎರಡು ಪುಲ್ ರಿಕ್ವೆಸ್ಟ್ (‘ನನ್ನ ಈ ತಿದ್ದುಪಡಿ ಸೇರಿಸಿಕೊಳ್ಳಿ’ ಎಂಬ ಕೋರಿಕೆ) ಕಳಿಸಬೇಕು, ಅವು ಮರ್ಜ್ ಆದರೆ, ಅಂದರೆ ಪ್ರಾಜೆಕ್ಟ್‌ನ ಕೋಡ್‌ಗೆ ಸೇರಿಕೊಂಡರೆ, ಪೂರ್ಣ ಅಂಕ ಎಂದು ಯೋಚಿಸಿದ್ದೇನೆ. ಇದು ಸರಿಯೇ? ಯಾವ ಪ್ರಾಜೆಕ್ಟ್ ಆರಿಸಿಕೊಳ್ಳಲಿ? ನಾನೇ ಈವರೆಗೆ ಯಾವ ಪ್ರಾಜೆಕ್ಟ್‌ಗೂ ಕೋಡ್ ಕೊಟ್ಟವನಲ್ಲ. ಹಾಗಿದ್ದೂ ಕಲಿಸಬಹುದೇ?

ಉತ್ತರ: ಮೊದಲು ‘ಮರ್ಜ್ ಆದರೆ ಪೂರ್ಣ ಅಂಕ’ ಎಂಬ ಸಾಲನ್ನು ಹೊಡೆದುಹಾಕಿ. ಉಳಿದದ್ದನ್ನು ನಿಧಾನವಾಗಿ ಮಾತನಾಡೋಣ.

ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. ನಾನು ಈ ವಿಷಯವನ್ನು ಹಲವು ಸೆಮಿಸ್ಟರ್ ಕಲಿಸಿದ್ದೇನೆ. ಜೊತೆಗೆ ಪಠ್ಯ ಕಡತಗಳನ್ನು ಓದಿಕೊಡುವ ಪುಟ್ಟ ಕೋಡ್ ಲೈಬ್ರರಿಯೊಂದನ್ನು (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಬಿಡುವಿದ್ದಾಗ ನೋಡಿಕೊಳ್ಳುತ್ತೇನೆ. ಒಂದು ಸೋಮವಾರ ಬೆಳಿಗ್ಗೆ ಕಣ್ಣುಜ್ಜಿಕೊಂಡು ಇಮೇಲ್ ತೆರೆದರೆ ಆ ಲೈಬ್ರರಿಗೆ 31 ಪುಲ್ ರಿಕ್ವೆಸ್ಟ್ ಬಂದು ಕುಳಿತಿದ್ದವು. ಎಲ್ಲವೂ ಪ್ರಾಜೆಕ್ಟ್‌ನ ಪರಿಚಯ, ಸೂಚನೆಗಳಿರುವ ರೀಡ್‌ಮಿ ಕಡತದ ಮೇಲೆಯೇ. ಒಬ್ಬ ಪೂರ್ಣವಿರಾಮ ಸೇರಿಸಿದ್ದ, ಇನ್ನೊಬ್ಬ ಅದೇ ಪೂರ್ಣವಿರಾಮವನ್ನು ತೆಗೆದಿದ್ದ. ಮೂವರು ತಮ್ಮ ಹೆಸರನ್ನೇ ಸೇರಿಸಿಕೊಂಡಿದ್ದರು. ಒಬ್ಬ ಮಾತ್ರ ಪ್ರಾಮಾಣಿಕವಾಗಿ ಬರೆದಿದ್ದ: ‘ಸರ್, ದಯವಿಟ್ಟು ಇವತ್ತೇ ಮರ್ಜ್ ಮಾಡಿ, ಸಂಜೆ ಅಸೈನ್‌ಮೆಂಟ್ ಒಪ್ಪಿಸಬೇಕು.’ ಅವರನ್ನು ಕಳಿಸಿದ ಅಧ್ಯಾಪಕರ ಮೇಲೆ ನನಗೆ ವಿಪರೀತ ಸಿಟ್ಟು ಬಂತು. ಅರ್ಧ ಗಂಟೆಯ ಬಳಿಕ ಬಂದದ್ದು ನಾಚಿಕೆ. ಮೊದಲ ಬಾರಿ ಈ ವಿಷಯ ಕಲಿಸಿದಾಗ ಮರ್ಜ್‌ಗೆ 40 ಅಂಕ ಇಟ್ಟವನು ನಾನೇ. ಆಗ ನನ್ನ ವಿದ್ಯಾರ್ಥಿಗಳು ಯಾರ ಸೋಮವಾರವನ್ನು ಹಾಳು ಮಾಡಿದ್ದರೋ!

ಇದು ನನ್ನೊಬ್ಬನ ಗೋಳಲ್ಲ. ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ, ಓಪನ್ ಸೋರ್ಸ್‌ಗೆ ಕೋಡ್ ಕೊಡಲು ಹುರಿದುಂಬಿಸುವ ಹ್ಯಾಕ್‌ಟೋಬರ್‌ಫೆಸ್ಟ್ ನಿಮಗೆ ಗೊತ್ತಿರಬಹುದು. 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಒಂದು ಟೀ ಶರ್ಟ್ ಎಂಬ ನಿಯಮವಿತ್ತು. ಅಕ್ಟೋಬರ್ ಶುರುವಾಗುತ್ತಿದ್ದಂತೆ ಅರ್ಥವಿಲ್ಲದ ತಿದ್ದುಪಡಿಗಳು ಸಾವಿರಗಟ್ಟಲೆ ಸುರಿದವು. ಆಯೋಜಕರು ಮೂರೇ ದಿನದಲ್ಲಿ ನಿಯಮ ಬದಲಿಸಿ, ಒಪ್ಪಿಗೆ ಸೂಚಿಸಿದ ಪ್ರಾಜೆಕ್ಟ್‌ಗಳಿಗೆ ಕಳಿಸಿದ್ದು ಮಾತ್ರ ಲೆಕ್ಕಕ್ಕೆ ಎಂದು ಹೇಳಬೇಕಾಯಿತು. ಟೀ ಶರ್ಟ್‌ಗೇ ಇಷ್ಟಾದರೆ ಅಂಕಕ್ಕೆ ಏನಾಗಬೇಡ?

ಮರ್ಜ್ ಎಂಬುದು ವಿದ್ಯಾರ್ಥಿಯ ಕೈಯಲ್ಲಿಲ್ಲ. ಪ್ರಾಜೆಕ್ಟನ್ನು ನೋಡಿಕೊಳ್ಳುವ ಮೇಂಟೇನರ್ ರಜೆಯ ಮೇಲಿರಬಹುದು, ಮುಂದಿನ ಆವೃತ್ತಿ ಬಿಡುಗಡೆಯ ಹೊಸ್ತಿಲಲ್ಲಿದ್ದು ಹೊಸ ಕೋಡ್ ಸೇರಿಸುವುದನ್ನು ನಿಲ್ಲಿಸಿರಬಹುದು, ಅಥವಾ ಆ ಭಾಗವನ್ನೇ ಪೂರ್ತಿ ಕಿತ್ತು ಬರೆಯುವ ಯೋಚನೆಯಲ್ಲಿರಬಹುದು. ಒಳ್ಳೆಯ ಪ್ಯಾಚ್ (ಕೋಡ್‌ನ ತಿದ್ದುಪಡಿ) ಮೂರು ತಿಂಗಳು ಕಾದು ಕುಳಿತದ್ದನ್ನೂ, ಸಾಧಾರಣ ಪ್ಯಾಚ್ ಹತ್ತು ನಿಮಿಷದಲ್ಲಿ ಒಳಗೆ ಹೋದದ್ದನ್ನೂ ನಾನು ನೋಡಿದ್ದೇನೆ. ಅಂಕವನ್ನು ಮರ್ಜ್‌ಗೆ ಕಟ್ಟಿದರೆ ಜಾಣ ವಿದ್ಯಾರ್ಥಿ ಏನು ಮಾಡುತ್ತಾನೆ? ಯಾರೂ ಬೇಡ ಎನ್ನಲಾಗದಷ್ಟು ಸಣ್ಣದನ್ನು ಹುಡುಕುತ್ತಾನೆ, ಅಥವಾ ಗೆಳೆಯನಿಂದ ಒಂದು ರಿಪಾಸಿಟರಿ (ಕೋಡ್ ಇಡುವ ಜಾಗ) ತೆರೆಸಿ ಅಲ್ಲಿ ಮರ್ಜ್ ಮಾಡಿಸಿಕೊಳ್ಳುತ್ತಾನೆ. ನನ್ನ ತರಗತಿಯಲ್ಲಿ ಎರಡೂ ನಡೆದವು. ಅವರು ಕಲಿತದ್ದು ನಾನು ಕಲಿಸಬೇಕೆಂದದ್ದನ್ನಲ್ಲ, ನಾನು ಅಂಕ ಕೊಟ್ಟದ್ದನ್ನು.

ಇನ್ನೊಂದು ವಿಷಯವನ್ನು ಅಧ್ಯಾಪಕರು ಬಹುಬೇಗ ಮರೆಯುತ್ತಾರೆ. ಮೇಂಟೇನರ್ ನಮ್ಮ ಲ್ಯಾಬ್‌ನ ಸಂಬಳವಿಲ್ಲದ ಸಹಾಯಕರಲ್ಲ. 40 ಜನ ತಲಾ ಎರಡರಂತೆ ಕಳಿಸಿದರೆ 80 ಪ್ಯಾಚ್. ಪ್ರತಿಯೊಂದನ್ನೂ ಓದಿ, ಓಡಿಸಿ, ಉತ್ತರ ಬರೆಯಲು ಅರ್ಧ ಗಂಟೆ ಹಿಡಿದರೂ 40 ಗಂಟೆ ಯಾರದೋ ಭಾನುವಾರಗಳಿಂದ ಹೋಗುತ್ತದೆ. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಪ್ರಕರಣವನ್ನು ನಾನು ತರಗತಿಯಲ್ಲಿ ಒಂದಿಡೀ ಅವಧಿ ಓದಿಸುವುದು ಇದೇ ಕಾರಣಕ್ಕೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಜಗತ್ತಿನಲ್ಲಿ ಎಲ್ಲೆಡೆ ಬಳಕೆಯಲ್ಲಿರುವ, ಕಡತಗಳನ್ನು ಕುಗ್ಗಿಸುವ ಆ ಲೈಬ್ರರಿಯನ್ನು ಹೆಚ್ಚುಕಡಿಮೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ದಣಿದಿದ್ದ ಅವರ ಮೇಲೆ ‘ಬೇಗ ಮಾಡಿ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ’ ಎಂಬ ಒತ್ತಡ ಬಂತು. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೊಳ್ಳೆಯ ಪ್ಯಾಚ್ ಕಳಿಸಿ ನಂಬಿಕೆ ಗಳಿಸಿದ್ದ ‘ಜಿಯಾ ಟಾನ್’ ಎಂಬ ಹೆಸರಿನ ವ್ಯಕ್ತಿ ಕೊನೆಗೆ ಅದರೊಳಗೆ, ಕಂಪ್ಯೂಟರ್‌ಗೆ ಗುಟ್ಟಾಗಿ ನುಗ್ಗುವ ಹಿಂಬಾಗಿಲನ್ನು ಕೂರಿಸಿದ. ಅದನ್ನು ಹಿಡಿದವರು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ, ಏಕೆ ಎಂದು ಅವರು ಬೆನ್ನು ಹತ್ತಿದ್ದರಿಂದ ಸಿಕ್ಕಿತು. ಆ ಪ್ರಾಜೆಕ್ಟ್‌ನ ಹಳೆಯ ಇಮೇಲ್ ಮಾತುಕತೆಯನ್ನು ವಿದ್ಯಾರ್ಥಿಗಳು ಸ್ವತಃ ಓದಲಿ. ‘ನನ್ನ ಪ್ಯಾಚ್ ಯಾವಾಗ ನೋಡುತ್ತೀರಿ?’ ಎಂದು ಮೂರನೆಯ ಸಲ ಬರೆಯುವ ಮುನ್ನ ಅವರ ಬೆರಳು ತಾನಾಗಿಯೇ ತಡೆಯುತ್ತದೆ.

ಹಾಗಾದರೆ ಅಂಕ ಯಾವುದಕ್ಕೆ? ನಾನು ಈಗ ಹಂಚುವುದು ಹೀಗೆ. ವಾರವಾರ ಬರೆಯುವ ದಿನಚರಿ ಪುಸ್ತಕಕ್ಕೆ 25: ಏನು ಪ್ರಯತ್ನಿಸಿದೆ, ಎಲ್ಲಿ ಸಿಕ್ಕಿಕೊಂಡೆ, ಯಾವ ದೋಷಸಂದೇಶ ಬಂತು, ಹೇಗೆ ಬಿಡಿಸಿಕೊಂಡೆ. ಕೋಡ್ ಓದಿ ಬರೆಯುವ ವರದಿಗೆ 20. ಪ್ಯಾಚ್ ಮತ್ತು ಅದರ ಸುತ್ತಲ ಮಾತುಕತೆಗೆ 25, ಅದು ಮರ್ಜ್ ಆಗಲಿ ಬಿಡಲಿ. ಸಹಪಾಠಿಗಳ ಪ್ಯಾಚ್‌ಗಳನ್ನು ವಿಮರ್ಶಿಸಿದ್ದಕ್ಕೆ 15. ಕೊನೆಯಲ್ಲಿ ಎದುರು ಕೂರಿಸಿಕೊಂಡು ಕೇಳುವ ಮೌಖಿಕ ಪರೀಕ್ಷೆಗೆ 15. ಅಂಕಿಗಳನ್ನು ನಿಮಗೆ ಬೇಕಾದಂತೆ ಹೆಚ್ಚುಕಡಿಮೆ ಮಾಡಿಕೊಳ್ಳಿ, ಆದರೆ ಹೊರಗಿನವರೊಬ್ಬರು ಒಂದು ಗುಂಡಿ ಒತ್ತುವುದರ ಮೇಲೆ ಯಾವ ಅಂಕವೂ ನಿಲ್ಲದಂತೆ ನೋಡಿಕೊಳ್ಳಿ.

ದಿನಚರಿ ಪುಸ್ತಕದ ಬಗ್ಗೆ ಹುಡುಗರು ಮೊದಲು ಮೂಗು ಮುರಿಯುತ್ತಾರೆ. ಮುರಿಯಲಿ. ನಮ್ಮ ಉಳಿದ ಎಲ್ಲ ಪತ್ರಿಕೆಗಳಲ್ಲಿ ಕೋಡನ್ನು ಖಾಲಿ ಹಾಳೆಯಿಂದ ಶುರುಮಾಡುವುದು ರೂಢಿ. ಇಲ್ಲಿ ಎದುರಿಗಿರುವುದು ಇತರರು ಹತ್ತಿಪ್ಪತ್ತು ವರ್ಷ ಬರೆದಿಟ್ಟ ಲಕ್ಷಾಂತರ ಸಾಲು. ಮೊದಲ ಮೂರು ವಾರ ತಲೆಬುಡ ತಿಳಿಯುವುದಿಲ್ಲ. ‘ನಾನೇ ದಡ್ಡ’ ಎಂದು ಪ್ರತಿಯೊಬ್ಬನೂ ಒಳಗೊಳಗೇ ಅಂದುಕೊಂಡು ಸುಮ್ಮನಿರುತ್ತಾನೆ. ಬರೆಸಿದಾಗ ಮಾತ್ರ ಎಲ್ಲರೂ ಅಲ್ಲೇ ಮುಗ್ಗರಿಸಿದ್ದಾರೆ ಎಂದು ಗೊತ್ತಾಗುತ್ತದೆ. ಒಬ್ಬ ವಿದ್ಯಾರ್ಥಿ ಒಂಬತ್ತು ದಿನ ಪ್ರಾಜೆಕ್ಟನ್ನು ಬಿಲ್ಡ್ ಮಾಡಲಾಗದೆ, ಅಂದರೆ ಕೋಡನ್ನು ಓಡುವ ತಂತ್ರಾಂಶವಾಗಿ ಕಟ್ಟಲಾಗದೆ, ಒದ್ದಾಡಿದ. ಅನುಸ್ಥಾಪನೆಯ ಸೂಚನೆಯಲ್ಲಿ ಒಂದು ಪ್ಯಾಕೇಜ್‌ನ ಹೆಸರೇ ಬಿಟ್ಟುಹೋಗಿತ್ತು. ಹಳಬರ ಕಂಪ್ಯೂಟರ್‌ಗಳಲ್ಲಿ ಅದು ಮೊದಲೇ ಇದ್ದುದರಿಂದ ಯಾರಿಗೂ ಕಂಡಿರಲಿಲ್ಲ. ಒಂಬತ್ತು ದಿನದ ಟಿಪ್ಪಣಿ ಕೈಯಲ್ಲಿದ್ದುದರಿಂದ ಅವನು ಒಂದು ಸಾಲಿನ ತಿದ್ದುಪಡಿಯನ್ನು ಕಾರಣಸಮೇತ ಬರೆದು ಕಳಿಸಿದ. ಇದೂ ರೀಡ್‌ಮಿ ಕಡತದ ತಿದ್ದುಪಡಿಯೇ. ಆ 31ಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಓದುವುದನ್ನು ಕಲಿಸಲು, ಕೋಡ್‌ನ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ಗಿಂತ ಒಳ್ಳೆಯ ಉಪಕರಣವಿಲ್ಲ. ಆದರೆ ಗಿಟ್ ಎಂದರೆ ಆ್ಯಡ್, ಕಮಿಟ್, ಪುಶ್ ಎಂಬ ಮೂರು ಮಂತ್ರ ಎಂದು ಬಾಯಿಪಾಠ ಮಾಡಿಸಬೇಡಿ. 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಅದನ್ನು ಬರೆಯತೊಡಗಿದ್ದು, ಒಬ್ಬರನ್ನೊಬ್ಬರು ನೋಡದ ಅಸಂಖ್ಯ ಜನ ಲಿನಕ್ಸ್‌ನ ತಿರುಳಾದ ಒಂದೇ ಕರ್ನಲ್ ಮೇಲೆ ಕೆಲಸ ಮಾಡುವಾಗ ಯಾರು, ಯಾವಾಗ, ಏಕೆ ಬದಲಿಸಿದರು ಎಂಬುದು ಕಳೆದುಹೋಗದಿರಲಿ ಎಂದು. ಆ ‘ಏಕೆ’ಯನ್ನು ಹುಡುಕಿಸಿ. ಒಂದು ವಿಚಿತ್ರ ಸಾಲನ್ನು ತೋರಿಸಿ, ಗಿಟ್ ಬ್ಲೇಮ್‌ನಿಂದ ಅದು ಬಂದ ಕಮಿಟ್ (ದಾಖಲಾದ ಒಂದು ಬದಲಾವಣೆ) ಹಿಡಿದು, ಅಲ್ಲಿಂದ ಚರ್ಚೆಗೆ ಹೋಗಿ, ಅದು ಏಕೆ ಹಾಗಿದೆ ಎಂದು ಒಂದು ಪುಟ ಬರೆಯಿರಿ ಎನ್ನಿ. ಗಿಟ್ ಬೈಸೆಕ್ಟ್ ತೋರಿಸಿ: ಕೆಟ್ಟದ್ದು ಸಾವಿರ ಕಮಿಟ್‌ಗಳ ನಡುವೆ ಎಲ್ಲೋ ಹುಟ್ಟಿದೆ ಎಂದಾದರೆ ಪ್ರತಿ ಸಲವೂ ಅರ್ಧ ಭಾಗ ಬಿಡುತ್ತ ಹೋಗಿ ಸುಮಾರು ಹತ್ತೇ ಪರೀಕ್ಷೆಯಲ್ಲಿ ಅಪರಾಧಿ ಸಿಗುತ್ತದೆ. ಬೈನರಿ ಸರ್ಚನ್ನು ಎರಡನೆಯ ವರ್ಷದಲ್ಲಿ ಬೋರ್ಡ್ ಮೇಲೆ ಕಲಿತ ಮಕ್ಕಳ ಮುಖ ಆಗ ಅರಳುವುದನ್ನು ನೋಡಬೇಕು.

ಪ್ರಾಜೆಕ್ಟ್ ಆಯ್ಕೆಗೆ ಬರೋಣ. ವಿದ್ಯಾರ್ಥಿಗಳನ್ನು ಅವರವರ ಪಾಡಿಗೆ ಬಿಟ್ಟರೆ ಅರ್ಧದಷ್ಟು ಜನ ಲಿನಕ್ಸ್ ಕರ್ನಲ್, ಫೈರ್‌ಫಾಕ್ಸ್ ಎಂದು ಹೆಸರು ಕೇಳಿದ್ದನ್ನೇ ಹಿಡಿಯುತ್ತಾರೆ. ದೊಡ್ಡ ಪ್ರಾಜೆಕ್ಟ್ ಕೆಟ್ಟದ್ದಲ್ಲ. ಕೆನಡಾದ ಸೆನೆಕಾ ಕಾಲೇಜು 2000ದ ದಶಕದ ಮಧ್ಯದಿಂದಲೇ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಕೋಡ್ ಮೇಲೆ ವಿದ್ಯಾರ್ಥಿಗಳಿಂದ ಕೆಲಸ ಮಾಡಿಸಿದೆ. ಆದರೆ ಅಲ್ಲಿ ಅಧ್ಯಾಪಕರೇ ಆ ಸಮುದಾಯದೊಳಗೆ ಬೆರೆತಿದ್ದರು. ಹಾಗೆ ಬೆರೆಯದ ನೀವು ಮೂರು ನಾಲ್ಕು ಮಧ್ಯಮ ಗಾತ್ರದ ಪ್ರಾಜೆಕ್ಟ್ ಆರಿಸಿ, ಹತ್ತತ್ತು ಜನರಂತೆ ಹಂಚಿ. ನಾನು ನೋಡುವುದು ಇಷ್ಟು: ಕಳೆದ ಒಂದು ತಿಂಗಳಲ್ಲಿ ಹೊರಗಿನವರೊಬ್ಬರ ಪ್ಯಾಚ್‌ಗೆ ಉತ್ತರ ಸಿಕ್ಕಿದೆಯೇ, ಆ ಉತ್ತರದ ಧಾಟಿ ಹೇಗಿದೆ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಒಂದು ಸಂಜೆಯಲ್ಲಿ ಬಿಲ್ಡ್ ಆಗುತ್ತದೆಯೇ, ಕೋಡ್ ಸರಿಯಿದೆಯೇ ಎಂದು ತಾವೇ ನೋಡುವ ಟೆಸ್ಟ್‌ಗಳು ಒಂದೇ ಆದೇಶದಿಂದ ಓಡುತ್ತವೆಯೇ. ಬಳಕೆದಾರರ ಮೆಚ್ಚುಗೆಯ ನಕ್ಷತ್ರ ಎಷ್ಟು ಬಿದ್ದಿದೆ ಎಂದು ನೋಡುವುದೇ ಇಲ್ಲ. ‘ಹೊಸಬರಿಗೆ’ ಎಂದು ಗುರುತು ಹಾಕಿದ ಇಶ್ಯೂಗಳನ್ನೂ (ಪ್ರಾಜೆಕ್ಟ್‌ನಲ್ಲಿ ದಾಖಲಾದ ದೋಷ, ಬೇಡಿಕೆಗಳು) ನೆಚ್ಚಬೇಡಿ. ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜಗತ್ತಿನ ಎಲ್ಲ ಹೊಸಬರೂ ಅಲ್ಲೇ ಮುತ್ತಿರುತ್ತಾರೆ.

ಬಳಸುವವರ ಮುಖ ಕಣ್ಣಿಗೆ ಕಾಣುವ ಪ್ರಾಜೆಕ್ಟ್ ಸಿಕ್ಕರೆ ಇನ್ನೂ ಒಳ್ಳೆಯದು. ಆಸ್ಪತ್ರೆಗಳ ರೋಗಿ ದಾಖಲೆಗಾಗಿ ಇರುವ ಓಪನ್‌ಎಂಆರ್‌ಎಸ್, 2004ರ ಸುನಾಮಿಯ ಬಳಿಕ ಪರಿಹಾರ ಕಾರ್ಯಕ್ಕಾಗಿ ಶ್ರೀಲಂಕಾದಲ್ಲಿ ಹುಟ್ಟಿದ ಸಹಾನಾ, ಇಂಥವು ಬಹಳ ಹಿಂದಿನಿಂದ ತರಗತಿಗಳೊಳಗೆ ಬಂದಿವೆ. ಯಾವುದನ್ನೇ ಆರಿಸಿದರೂ ಸೆಮಿಸ್ಟರ್ ಶುರುವಾಗುವ ಒಂದು ತಿಂಗಳ ಮೊದಲು ಅವರಿಗೆ ಬರೆಯಿರಿ: ಇಂತಿಷ್ಟು ವಿದ್ಯಾರ್ಥಿಗಳು, ಈ ಅವಧಿ, ಮೊದಲ ವಿಮರ್ಶೆ ನಾವೇ ತರಗತಿಯೊಳಗೆ ಮಾಡಿ ಕಳಿಸುತ್ತೇವೆ, ನಿಮಗೆ ಒಪ್ಪಿಗೆಯೇ? ‘ಬೇಡ’ ಎಂದರೆ ಆ ‘ಬೇಡ’ವನ್ನು ಗೌರವಿಸಿ ಮುಂದಿನ ಬಾಗಿಲಿಗೆ ಹೋಗಿ.

ತರಗತಿಯೊಳಗಿನ ಆ ಮೊದಲ ವಿಮರ್ಶೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ನನ್ನಲ್ಲಿ ಯಾವ ಪ್ಯಾಚ್ ಕೂಡ ಇಬ್ಬರು ಸಹಪಾಠಿಗಳು ತಮ್ಮ ಯಂತ್ರದಲ್ಲಿ ಓಡಿಸಿ ಸಹಿ ಹಾಕದೆ ಹೊರಗೆ ಹೋಗುವಂತಿಲ್ಲ. ವಿಮರ್ಶೆಗೂ ಅಂಕ ಏಕೆ ಎಂದು ಕೇಳಿದವರಿಗೆ ಹಾರ್ಟ್‌ಬ್ಲೀಡ್ ಕಥೆ ಹೇಳುತ್ತೇನೆ. 2014ರ ಏಪ್ರಿಲ್‌ನಲ್ಲಿ ಜಗತ್ತನ್ನು ಬೆಚ್ಚಿಬೀಳಿಸಿದ, ಅಂತರಜಾಲದ ಸಂವಹನವನ್ನು ಗೂಢಲಿಪಿಯಲ್ಲಿ ಕಾಪಾಡುವ ಓಪನ್‌ಎಸ್‌ಎಸ್‌ಎಲ್‌ನ ಆ ದೋಷ ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಕೊಡುಗೆಯಲ್ಲಿತ್ತು. ಎದುರಿನವರು ‘ಇಷ್ಟು ಉದ್ದ’ ಎಂದು ಹೇಳಿದ್ದನ್ನು ಅಳೆಯದೆ ನಂಬಿದ್ದು ಅದರ ತಪ್ಪು. ಬರೆದವರಿಗೂ ಕಾಣಲಿಲ್ಲ, ಪರಿಶೀಲಿಸಿದವರಿಗೂ ಕಾಣಲಿಲ್ಲ. 2011ರ ಡಿಸೆಂಬರ್ 31ರಂದು ಒಳಸೇರಿದ್ದು ಎರಡು ವರ್ಷಕ್ಕೂ ಮೇಲೆ ಅಲ್ಲೇ ಉಳಿಯಿತು. ಆ ಕೆಲವು ಸಾಲುಗಳನ್ನು ದೋಷ ಎಲ್ಲಿದೆ ಎಂದು ಹೇಳದೆ ತರಗತಿಯ ಮುಂದಿಡಿ. ಎಷ್ಟು ಜನ ‘ಸರಿಯಾಗಿದೆ’ ಎಂದು ಕೈ ಎತ್ತುತ್ತಾರೋ ನೋಡಿ.

ಇನ್ನು ಮಾತುಕತೆಗೆ ಅಂಕ ಎಂದೆನಲ್ಲ, ಅದು ಹೇಗಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಕೋಷ್ಟಕ ಕಡತಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಉಪಕರಣವೊಂದರ ಮೇಲೆ ನನ್ನ ವಿದ್ಯಾರ್ಥಿನಿಯೊಬ್ಬಳು ಕೆಲಸ ಮಾಡುತ್ತಿದ್ದಳು. ಕಡತದ ಕೊನೆಯಲ್ಲಿ ಖಾಲಿ ಸಾಲಿದ್ದರೆ ಅದು ಅರ್ಧದಲ್ಲೇ ನಿಂತುಬಿಡುತ್ತಿತ್ತು. ಅವಳು ಬರೆದ ಮೊದಲ ಸಂದೇಶದ ಕರಡು: ‘ನಮಸ್ಕಾರ, ನಾನು ವಿದ್ಯಾರ್ಥಿನಿ, ಈ ಇಶ್ಯೂ ಬಗ್ಗೆ ತುಂಬ ಆಸಕ್ತಿ ಇದೆ, ದಯವಿಟ್ಟು ನನಗೆ ಕೊಡಿ.’ ಇದರಲ್ಲಿ ಓದುವವರಿಗೆ ಉಪಯೋಗವಾಗುವ ಒಂದು ಪದವೂ ಇಲ್ಲ ಎಂದೆ. ಮುಖ ಸಣ್ಣದು ಮಾಡಿಕೊಂಡು ಹೋದಳು. ಎರಡು ದಿನದ ಬಳಿಕ ತಂದದ್ದು ಹೀಗಿತ್ತು: ‘ಈ ದೋಷವನ್ನು ಇತ್ತೀಚಿನ ಆವೃತ್ತಿಯಲ್ಲಿ ಮರುಸೃಷ್ಟಿಸಿದೆ. ಮೂರು ಸಾಲಿನ ಕಡತ ಲಗತ್ತಿಸಿದ್ದೇನೆ. ಸಾಲನ್ನು ಒಡೆಯುವ ಫಂಕ್ಷನ್ ಖಾಲಿ ಸಾಲಿಗೆ ಖಾಲಿ ಪಟ್ಟಿ ಕೊಡುತ್ತದೆ, ಕರೆದವರು ಅದರ ಮೊದಲ ಅಂಶ ಕೇಳುತ್ತಾರೆ. ತಿದ್ದುವುದು ಒಡೆಯುವಲ್ಲೋ, ಕರೆಯುವಲ್ಲೋ? ನನಗೆ ಎರಡನೆಯದು ಸರಿ ಎನಿಸುತ್ತದೆ, ಏಕೆಂದರೆ ಮೊದಲನೆಯದನ್ನು ಇನ್ನೂ ಎರಡು ಕಡೆ ಬಳಸಲಾಗಿದೆ.’

ಅದೇ ದಿನ ಮೇಂಟೇನರ್‌ರಿಂದ ಉತ್ತರ ಬಂತು. ಪ್ಯಾಚ್ ಕಳಿಸಿದಳು. ‘ಟೆಸ್ಟ್ ಎಲ್ಲಿ?’ ಎಂದು ಒಂದೇ ಸಾಲಿನ ಮರುಪ್ರಶ್ನೆ. ಟೆಸ್ಟ್ ಬರೆದಳು; ಬರೆಯುವಾಗ, ಬರೀ ಖಾಲಿ ಜಾಗಗಳಿರುವ ಸಾಲಿನಲ್ಲೂ ಅದೇ ತೊಂದರೆ ಇರುವುದು ಕಂಡಿತು. ಮೂರನೆಯ ವಾರ ಮೇಂಟೇನರ್ ಆ ಭಾಗವನ್ನೇ ಬೇರೆ ರೀತಿಯಲ್ಲಿ ಬರೆದು ಅವಳ ಪುಲ್ ರಿಕ್ವೆಸ್ಟನ್ನು ಮುಚ್ಚಿದರು. ಆದರೆ ಅವಳ ಎರಡು ಟೆಸ್ಟ್‌ಗಳನ್ನು ಹಾಗೆಯೇ ಎತ್ತಿಕೊಂಡರು. ಪ್ರಾಜೆಕ್ಟ್‌ಗಳ ಕೋಡ್ ಇಡುವ ತಾಣ ಗಿಟ್‌ಹಬ್‌ನ ಲೆಕ್ಕದಲ್ಲಿ ಅದು ಮರ್ಜ್ ಆಗದ ಪುಲ್ ರಿಕ್ವೆಸ್ಟ್. ನಾನು 25ಕ್ಕೆ 25 ಕೊಟ್ಟೆ.

14 ವಾರದಲ್ಲಿ ಕಾಯುವುದಕ್ಕೂ ಜಾಗ ಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ. ಬಿಲ್ಡ್ ಎರಡನೆಯ ವಾರದೊಳಗೆ, ಇಶ್ಯೂ ಆಯ್ಕೆ ನಾಲ್ಕರೊಳಗೆ, ಪ್ಯಾಚ್ ಆರರೊಳಗೆ ಹೊರಟಿರಲಿ. ಹತ್ತನೆಯ ವಾರದ ಬಳಿಕ ಹೊಸ ಪ್ಯಾಚ್ ಹೊರಗೆ ಕಳಿಸಲು ನಾನು ಬಿಡುವುದಿಲ್ಲ, ಏಕೆಂದರೆ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಬಂದ ವಿಮರ್ಶೆಗೆ ಉತ್ತರ ಕೊಡುವವರೇ ಇರುವುದಿಲ್ಲ. ಒಬ್ಬರಿಗೆ ಒಂದು ಪ್ಯಾಚ್ ಸಾಕು, ಎರಡು ಬೇಡ.

ಕೋಡ್ ಬಳಸುವ, ಹಂಚುವ ಷರತ್ತು ಹೇಳುವ ಲೈಸೆನ್ಸ್‌ಗೆ ಒಂದು ವಾರ ಸಾಕು, ಆದರೆ ಮೂಲವನ್ನೇ ಓದಿಸಿ. ಎಂಐಟಿ ಲೈಸೆನ್ಸ್ ಇನ್ನೂರು ಪದವೂ ಇಲ್ಲ, ಐದು ನಿಮಿಷದ ಕೆಲಸ. ಇನ್ನೊಂದು ಲೈಸೆನ್ಸ್ ಜಿಪಿಎಲ್‌ನ 2007ರ ಮೂರನೆಯ ಆವೃತ್ತಿ ಐದು ಸಾವಿರ ಪದ ದಾಟುತ್ತದೆ, ಆರಿಸಿದ ಭಾಗ ಓದಿಸಿ. ಲೈಸೆನ್ಸ್ ಇಲ್ಲದೆ ಬಹಿರಂಗವಾಗಿ ಇಟ್ಟ ಕೋಡ್ ಓಪನ್ ಸೋರ್ಸ್ ಅಲ್ಲ ಎಂಬುದು ಮೂರನೆಯ ವರ್ಷದವರಿಗೂ ಹೊಸ ಸುದ್ದಿಯಾಗಿರುತ್ತದೆ. ನೀವು ಮಾತ್ರ ಒಂದು ಕೆಲಸ ಮೊದಲೇ ಮಾಡಿಡಿ: ವಿದ್ಯಾರ್ಥಿ ತರಗತಿಯಲ್ಲಿ ಬರೆದ ಕೋಡ್‌ನ ಒಡೆತನ ಯಾರದೆಂದು ನಿಮ್ಮ ವಿಶ್ವವಿದ್ಯಾಲಯದ ನಿಯಮ ಏನು ಹೇಳುತ್ತದೆ ಎಂದು ಲಿಖಿತವಾಗಿ ಕೇಳಿ. ಲಿನಕ್ಸ್ ಕರ್ನಲ್‌ನಲ್ಲಿ 2004ರಿಂದ ಪ್ರತಿ ಪ್ಯಾಚ್‌ನ ಕೆಳಗೆ ‘ಸೈನ್ಡ್ ಆಫ್ ಬೈ’ ಎಂಬ ಸಾಲು ಬೇಕು. ಇದನ್ನು ಕೊಡುವ ಹಕ್ಕು ನನಗಿದೆ ಎಂಬ ಘೋಷಣೆ ಅದು. ಹಕ್ಕು ಇದೆಯೋ ಇಲ್ಲವೋ ತಿಳಿಯದೆ ವಿದ್ಯಾರ್ಥಿಯಿಂದ ಸಹಿ ಹಾಕಿಸುವುದು ತಪ್ಪು.

ವಿಶ್ವವಿದ್ಯಾಲಯದವರೇ ಎಡವಿದ ಒಂದು ಪ್ರಸಂಗವನ್ನೂ ಮುಚ್ಚಿಡದೆ ಹೇಳಿ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು, ವಿಮರ್ಶೆಯ ಕಣ್ಣು ತಪ್ಪಿಸಬಹುದೇ ಎಂದು ಪರೀಕ್ಷಿಸಲು ಬೇಕೆಂದೇ ದೋಷವಿರುವ ಪ್ಯಾಚ್‌ಗಳನ್ನು ಕರ್ನಲ್ ಡೆವಲಪರ್‌ಗಳಿಗೆ ಕಳಿಸಿದ್ದರು. 2021ರ ಏಪ್ರಿಲ್‌ನಲ್ಲಿ ಕರ್ನಲ್‌ನ ಹಿರಿಯ ಮೇಂಟೇನರ್ ಗ್ರೆಗ್ ಕ್ರೋವಾ ಹಾರ್ಟ್‌ಮನ್ ಆ ಇಡೀ ವಿಶ್ವವಿದ್ಯಾಲಯದ ಕೊಡುಗೆಗಳಿಗೆ ತಡೆ ಹಾಕಿದರು. ಸಂಶೋಧಕರು ಕ್ಷಮೆ ಕೇಳಿ ಪ್ರಬಂಧ ಹಿಂತೆಗೆದುಕೊಂಡರು. ನಿಮ್ಮ ವಿದ್ಯಾರ್ಥಿ ಹೊರಗೆ ಕಾಲಿಟ್ಟಾಗ ನಿಮ್ಮ ಸಂಸ್ಥೆಯ ಹೆಸರೂ ಅವನ ಜೊತೆ ಹೋಗುತ್ತದೆ.

ಕೃತಕ ಬುದ್ಧಿಮತ್ತೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಮೊದಲ ದಿನವೇ ಆ ಪ್ರಶ್ನೆ ಬರುತ್ತದೆ. ಯಂತ್ರ ಬರೆದ ಕೋಡನ್ನು ಜೆಂಟೂ ಮತ್ತು ನೆಟ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಪ್ರಾಜೆಕ್ಟ್‌ಗಳು 2024ರಲ್ಲೇ ಬೇಡ ಎಂದವು. ಅಂತರಜಾಲದಲ್ಲಿ ದತ್ತಾಂಶ ಸಾಗಿಸುವ ಕರ್ಲ್ ತಂತ್ರಾಂಶದ ಡೇನಿಯಲ್ ಸ್ಟೆನ್‌ಬರ್ಗ್, ಯಂತ್ರದಿಂದ ಬರೆಸಿದ ಪೊಳ್ಳು ದೋಷವರದಿಗಳು ತಮ್ಮ ಸಮಯ ತಿನ್ನುತ್ತಿವೆ ಎಂದು ಬಹಿರಂಗವಾಗಿಯೇ ದೂರಿದ್ದಾರೆ. ಬೇರೆ ಪ್ರಾಜೆಕ್ಟ್‌ಗಳು ಷರತ್ತಿನೊಂದಿಗೆ ಒಪ್ಪುತ್ತವೆ. ಆಯಾ ಮನೆಯ ನಿಯಮವನ್ನು ವಿದ್ಯಾರ್ಥಿ ಮೊದಲು ಓದಲಿ. ಅದರ ಮೇಲೆ ನನ್ನದೊಂದು ನಿಯಮ: ನನ್ನೆದುರು ಸಾಲುಸಾಲಾಗಿ ವಿವರಿಸಲಾರದ್ದನ್ನು ಹೊರಗೆ ಕಳಿಸುವಂತಿಲ್ಲ. ಮೌಖಿಕ ಪರೀಕ್ಷೆ ಇಟ್ಟಿರುವುದು ಅದಕ್ಕೇ.

ನಿಮ್ಮ ಕೊನೆಯ ಪ್ರಶ್ನೆ: ಕೋಡ್ ಕೊಡದವರು ಕಲಿಸಬಹುದೇ? ಕಲಿಸಬಹುದು, ಆದರೆ ಕೊಡದವರಾಗಿಯೇ ತರಗತಿಗೆ ಹೋಗಬೇಡಿ. ಸೆಮಿಸ್ಟರ್‌ಗೆ ಇನ್ನೂ ಸಮಯವಿದೆ. ನೀವು ದಿನವೂ ಬಳಸುವ ಒಂದು ತಂತ್ರಾಂಶವನ್ನು ಹಿಡಿದು, ಬಿಲ್ಡ್ ಮಾಡಿ, ಏನಾದರೊಂದು ಸಣ್ಣದನ್ನು ತಿದ್ದಿ ಕಳಿಸಿ. ನಿಮ್ಮ ದಿನಚರಿಯನ್ನೂ ಬರೆದಿಡಿ. ವಯಸ್ಸಿನಲ್ಲಿ ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರೊಬ್ಬರು ‘ಕಮಿಟ್ ಸಂದೇಶದ ಮೊದಲ ಸಾಲು ಉದ್ದವಾಯಿತು, ಚಿಕ್ಕದು ಮಾಡಿ’ ಎಂದು ಬರೆದಾಗ ಒಳಗೆ ಸ್ವಲ್ಪ ಚುರುಕ್ ಎನ್ನುತ್ತದೆ. ನನಗೂ ಎಂದಿತ್ತು. ಮೊದಲ ತರಗತಿಯಲ್ಲಿ ಸ್ಲೈಡ್ ಬದಲು ಆ ಪುಲ್ ರಿಕ್ವೆಸ್ಟನ್ನೇ ಪರದೆಯ ಮೇಲೆ ತೆರೆದು, ನಿಮ್ಮ ತಪ್ಪು, ಬಂದ ಟೀಕೆ, ನೀವು ತಿದ್ದಿದ ರೀತಿ ಎಲ್ಲವನ್ನೂ ತೋರಿಸಿ. ಅದು ಇನ್ನೂ ಮರ್ಜ್ ಆಗದೆ ಅಲ್ಲೇ ನಿಂತಿದ್ದರೆ ಇನ್ನೂ ಒಳ್ಳೆಯದು.